ಡೇಗೆ ನೋಡಲು ಹೋದದ್ದು

ಸ್ವಾರಗೇಟಿನಿಂದ ಆರೂಕಾಲರ ಕೆಂಪು ಬಸ್ಸು.
ಕಿಟಕಿಯ ಗಾಜು ಮುಚ್ಚುವುದಿಲ್ಲ,
ಜನವರಿಯ ಗಾಳಿ ಕಿವಿಯೊಳಗೆ ಸೂಜಿ ಪೋಣಿಸುತ್ತದೆ.
ನನ್ನ ತೊಡೆಯ ಮೇಲೆ ದುರ್ಬೀನು:
ಲಕ್ಷ್ಮೀ ರಸ್ತೆಯ ನಮ್ಮ ಚಾಳೀಸಿನ ಅಂಗಡಿಗೆ
ಯಾರೋ ರಿಪೇರಿಗೆ ಕೊಟ್ಟು ಒಯ್ಯದೇ ಬಿಟ್ಟದ್ದು.
ಎಡಗಡೆಯ ಗಾಜಿಗೆ ಬೂಸ್ಟು ಹಿಡಿದಿತ್ತು.
ಮೂರು ರಾತ್ರಿ ಕೂತು ಒರೆಸಿದೆ,
ಒಳಗಿನ ಪಟ್ಟಕವನ್ನು ಕೂದಲೆಳೆಯಷ್ಟು ಸರಿಸಿದೆ.
ಇಪ್ಪತ್ತೆರಡು ವರ್ಷ ಮಂದಿಯ ಕಣ್ಣಿಗೆ ಗಾಜು ಸಾಣೆ ಹಿಡಿದವನು
ದೂರದ್ದೇನನ್ನೂ ನೋಡಿದವನಲ್ಲ.

ಪಕ್ಕದಲ್ಲಿ ಜಂಬಗಿ ಬಾಯಿ,
ಟೆಲಿಫೋನ್ ಖಾತೆಯಿಂದ ನಿವೃತ್ತಿ, ಮೊಣಕಾಲಿಗೆ ಪಟ್ಟಿ,
ಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಒಂದು ನೋಟ್‌ಬುಕ್ಕು.
"ಡೇಗಿ ಅಂದ್ರ ಕಲ್ಲಿನ ಬಣ್ಣದ ಹಕ್ಕಿ ನೋಡಪಾ.
ಕುಂತ್ರ ಕಲ್ಲು,
ಬಿದ್ರ ಗುಂಡು."

ವೆಲ್ಹೆಯಲ್ಲಿ ಇಳಿದಾಗ ತೋರಣಾ
ಇನ್ನೂ ಅರ್ಧ ಮಂಜಿನ ದುಪ್ಪಟಿಯೊಳಗೆ.
ಒಣ ಹುಲ್ಲು ಸೊಂಟದೆತ್ತರ, ಬೂಟಿನೊಳಗೆಲ್ಲ ಮುಳ್ಳುಕಾಳು.
ಬಂಡೆಯ ಮೇಲೆ ಪುನುಗು ಬೆಕ್ಕು ರಾತ್ರಿ ಬಿಟ್ಟುಹೋದ ಬೀಜಗಳು
(ಬಾಯಿ ಕೂತು ಎಣಿಸಿದರು, ನಾನು ಉಸಿರು ಎಣಿಸಿದೆ).
ಓತಿಕ್ಯಾತ ಬಿಸಿಲಿಗೆ ದಂಡ ಹೊಡೆಯುತ್ತಿತ್ತು,
ಕತ್ತು ಕೆಂಪು, ನಮ್ಮ ಮೇಲೇ ಸಿಟ್ಟು.
ಕಬ್ಬಿಣದ ಕಂಬಿ ಹಿಡಿದು ಏರುವಲ್ಲಿ
ನನ್ನ ಎದೆಬಡಿತ ಕಂಬಿಯಲ್ಲಿ ಕೇಳಿಸಿತು.

ಮೇಲೆ, ಮಾಚಿಯ ತುದಿಯಲ್ಲಿ,
ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಭಿಕಾಬಾಯಿ ಢೇಬೆ.
"ಸಸಾಣಾ? ಅಗೋ ಅಲ್ಲಿ," ಎಂದಳು, ತಲೆಯೆತ್ತದೆ,
"ಸುಣ್ಣ ಸುರಿದಂಥ ಗೆರೆಯಿದೆಯಲ್ಲ, ಅದರ ತಲೆಗೆ."
ಸುಣ್ಣದಂಥ ಹಿಕ್ಕೆಯ ಗೆರೆ ಕಂಡಿತು. ಅದರ ತಲೆಗೆ ಕಲ್ಲು.
ಅದರ ಪಕ್ಕ ಕಲ್ಲು. ಆಮೇಲೆ ಕಲ್ಲು.
ಅರ್ಧ ತಾಸು ನೋಡಿದೆ.
ಕಣ್ಣಲ್ಲಿ ನೀರು ಬಂತು, ಹಕ್ಕಿ ಬರಲಿಲ್ಲ.
"ನಿಮಗೆ ಕಾಣಿಸುತ್ತದಾ?" ಕೇಳಿದೆ.
"ಎಲ್ಲಿಯ ಕಾಣೋದು? ಈ ಗಡಿಗೆಯೇ ಎರಡಾಗಿ ಕಾಣುತ್ತೆ.
ಅದು ಈ ಹೊತ್ತಿಗೆ ಅಲ್ಲೇ ಕೂರೋದು, ನಾನು ಇಲ್ಲಿ."

ಕೊಡು ನೋಡೋಣ, ಎಂದು ದುರ್ಬೀನು ಕಸಿದುಕೊಂಡಳು.
ಚಕ್ರ ತಿರುಗಿಸಿದಳು, ಉಂಗುರ ತಿರುಗಿಸಿದಳು,
ಬೀಸುವ ಕಲ್ಲಿನ ಗೂಟ ತಿರುಗಿಸಿದ ಕೈ ಅದು.
ಡೇಗೆಯ ಕಡೆ ಹೊರಳಲೇ ಇಲ್ಲ;
ನೇರ ಕೆಳಗೆ, ಕಣಿವೆಯ ತಳದ
ಬೆಂಕಿಪೆಟ್ಟಿಗೆಯಷ್ಟು ಮನೆಗಳ ಕಡೆ.
ಸುಮ್ಮನಾದಳು. ತುಂಬ ಹೊತ್ತು.
ಆಮೇಲೆ ಒಮ್ಮೆಲೇ:
"ಅಯ್ಯೋ ಮುಂಡೇದೆ! ಮೇಕೆ ಮಾಡು ಹತ್ತಿದೆ!
ಹೊಸ ಹುಲ್ಲು ಹೊದಿಸಿ ಎಂಟು ದಿನ ಆಗಿಲ್ಲ,
ತಿನ್ನುತ್ತಾ ಇದೆ, ನಿಂತುಕೊಂಡು ತಿನ್ನುತ್ತಾ ಇದೆ!"

ಎದ್ದು ನಿಂತು, ಎರಡೂ ಕೈ ಬಾಯಿಗೆ ಕಟ್ಟಿ ಕೂಗಿದಳು
(ದುರ್ಬೀನು ಕೊರಳಲ್ಲಿ ತೂಗುತ್ತಿತ್ತು):
ಏ ಸುಭಾನ್ಯಾಽಽ

ಆ ಕೂಗು ಮೊದಲು ಎದುರಿನ ಬಂಡೆಗೆ ತಾಗಿತು.
ಬಂಡೆಯಿಂದ ಒಂದು ತುಂಡು ಕಳಚಿಬಿತ್ತು.
ಬೀಳುತ್ತಾ ಬೀಳುತ್ತಾ ಅದಕ್ಕೆ ರೆಕ್ಕೆ ಇತ್ತು.
ನಮ್ಮ ಕಾಲಬುಡದ ಗಾಳಿ
ಹೊಸ ಬಟ್ಟೆ ಹರಿದಂತೆ ಸದ್ದು ಮಾಡಿತು,
ಕೆಳಗೆಲ್ಲೋ ಪಾರಿವಾಳದ ಹಿಂಡು ಚೆಲ್ಲಿಹೋಯಿತು.
ನಾನು ಕಂಡದ್ದು ಇಷ್ಟು:
ಕೆಲವು ಬೂದು ಪುಕ್ಕ,
ಅವಸರವಿಲ್ಲದೆ ಮೇಲಕ್ಕೆ ಬರುತ್ತಿದ್ದವು.

ಜಂಬಗಿ ಬಾಯಿ ಪೆನ್ಸಿಲ್ ನಾಲಿಗೆಗೆ ತಾಗಿಸಿ ಬರೆದರು,
ಡೇಗೆ ಒಂದು. ಹೆಣ್ಣು. ಹನ್ನೊಂದೂ ಹತ್ತು.
ಸ್ವಲ್ಪ ಯೋಚಿಸಿ ಕೆಳಗೆ: ಮೇಕೆ ಒಂದು.
ಮಜ್ಜಿಗೆಗೆ ದುಡ್ಡು ಕೊಡಲು ಹೋದರೆ
ಭಿಕಾಬಾಯಿ ಇನ್ನೂ ಬೈಯುತ್ತಿದ್ದಳು,
ಮತ್ತೆ ದುರ್ಬೀನು ಏರಿಸಿ, ನಗುತ್ತಾ, ಬೈಯುತ್ತಾ.

ಸಂಜೆಯ ಬಸ್ಸಿನಲ್ಲಿ ಬಾಯಿಗೆ ನಿದ್ದೆ.
ಖಡಕವಾಸ್ಲಾದ ನೀರಿನ ಮೇಲೆ ದೀಪಗಳು ಶುರುವಾದಾಗ
ದುರ್ಬೀನು ಕಣ್ಣಿಗಿಟ್ಟೆ: ಎಲ್ಲ ಮಸುಕು,
ಒಂದೊಂದು ದೀಪವೂ ಒದ್ದೆ ಹತ್ತಿಯ ಉಂಡೆ.
ಬಲಗಣ್ಣಿನ ಉಂಗುರ ಎರಡು ಗೆರೆ ಆಚೆ ನಿಂತಿತ್ತು,
ಅವಳು ನಿಲ್ಲಿಸಿದಲ್ಲಿ.
ಅಂಚಿನಲ್ಲಿ ಒಣಗಿದ ಮಜ್ಜಿಗೆಯ ಬೆರಳು.

ತಿರುಗಿಸಿಕೊಳ್ಳಲಿಲ್ಲ.
ಟಿಕೆಟಿನ ಹಿಂದೆ ಆ ಎರಡು ಗೆರೆ ಬರೆದುಕೊಂಡೆ,
ಬಸ್ಸು ಕುಲುಕಿ ಒಂದು ಸೊಟ್ಟಗಾಯಿತು.